ಡಿಕಾಕ್ಷನ್ ಇಳಿಯುವಷ್ಟು ಹೊತ್ತು

ಟೊಪ್, ಟೊಪ್, ಡಿಕಾಕ್ಷನ್ ಇಳಿಯತೊಡಗಿತು, ಇನ್ನು ಇವರು ಕುರ್ಚಿ ಎಳೆದುಕೊಂಡು ಬರುತ್ತಾರೆ — ಬಂದರು, ಕುರ್ಚಿಕಾಲು ನೆಲ ಗೀಚಿತು, ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನೊಂದು ಹಾರ್ನ್ ಬಾರಿಸುತ್ತಾ ಜನ ಕರೆಯುತ್ತಿದೆ, ನೈರೋಬಿಯ ಸೌತ್ ಬಿ ಬಡಾವಣೆ ಎದ್ದಾಯಿತು, ಮಂಡಿಗೆ ಮಂಡಿ ತಾಗುವಂತೆ ನನ್ನೆದುರು ಕೂತು ಗುಡ್ ಮಾರ್ನಿಂಗ್ ಇಂದು ಮೇಡಂ, ಶುರು ಮಾಡೋಣ್ವಾ, ಬೇಡ ರೀ, ನಿಮ್ಮ ದಮ್ಮಯ್ಯ ಬೇಡ ಅನ್ನುತ್ತೇನೆ, ಬಾಯಿಂದ ಬಂದದ್ದು ಮಾತ್ರ ಬಬ್ಬಬ್ಬ, ಓಹೋ ಇವತ್ತು ಭಾಳ ಹುರುಪಿದೆ ಅಂತ ನಕ್ಕರು, ಅಯ್ಯೋ ಈ ಮನುಷ್ಯನ ನಗು. ವರ್ಷವಾಗುತ್ತಾ ಬಂತು, ಒಗ್ಗರಣೆಗೆ ಸಾಸಿವೆ ಹಾಕಿದ್ದೆ, ಅದು ಸಿಡಿಯುವ ಮೊದಲೇ ನಾನು ನೆಲದ ಮೇಲಿದ್ದೆ, ಸ್ಟ್ರೋಕ್ ಅಂದರು ಡಾಕ್ಟರು, ಬಲಗೈ, ಬಲಗಾಲು, ಮಾತು, ಎಲ್ಲ ಒಟ್ಟಿಗೆ ಹೋದವು, ತಲೆಯೊಳಗೆ ಮಾತ್ರ ಮೊದಲಿಗಿಂತ ವಾಚಾಳಿಯಾಗಿದ್ದೇನೆ, ಕೇಳುವವರಿಲ್ಲ ಅಷ್ಟೇ.

ಮೊದಮೊದಲು ಇವರ ಉತ್ಸಾಹ ನೋಡಬೇಕಿತ್ತು, ಟೆಲಿಕಾಂ ಕಂಪನಿಯಲ್ಲಿ ಊರಿಗೆಲ್ಲ ಟವರ್ ನಿಲ್ಲಿಸಿದ ಮಧುಕರರಿಗೆ ಹೆಂಡತಿಯ ಕೈ ನಿಲ್ಲಿಸುವುದು ಯಾವ ಮಹಾ, ನ್ಗಾರಾ ಮಾರ್ಕೆಟ್ಟಿಗೆ ಹೋಗಿ ಡಂಬೆಲ್ಲು, ರಬ್ಬರ್ ಪಟ್ಟಿ, ಹಿಸುಕುವ ಚೆಂಡು ಹೊತ್ತು ತಂದರು, ಗಂಟೆಗಟ್ಟಲೆ ನನ್ನ ಕೈ ಎತ್ತಿಸಿದರು, ಇಳಿಸಿದರು, ವಾರದೊಳಗೆ ಇವರಿಗೇ ಸೊಂಟ ಹಿಡಿಯಿತು, ಡಂಬೆಲ್ಲು ಗಾಳಿಗೆ ಬಾಗಿಲು ಬಡಿಯದ ಹಾಗೆ ಅಡ್ಡ ಇಡಲು ಲಾಯಕ್ಕಾಯಿತು. ಆಗ ಫಿಸಿಯೋಥೆರಪಿಯ ವಂಜಿರು ಬಂದು ಸೊಂಟದ ಮೇಲೆ ಕೈಯಿಟ್ಟು ಬೈದಳು, ಮಿಸ್ಟರ್ ಮಧುಕರ, ಸ್ವಲ್ಪವೇ ಮಾಡಿ, ಆದರೆ ದಿನಾ ಮಾಡಿ, ಮನಸ್ಸಿಲ್ಲದ ದಿನವೂ ಮಾಡುವಷ್ಟು ಸುಲಭ ಇರಲಿ, ಹೇಗೂ ದಿನಾ ನಡೆಯುವ ಯಾವುದಾದರೂ ಕೆಲಸಕ್ಕೆ ಅದನ್ನು ಗಂಟು ಹಾಕಿ, ಪೋಲೆ ಪೋಲೆ, ನಿಧಾನ, ಆಕೆಗೆ ಎತ್ತಲಾಗದಿದ್ದರೆ ಎದುರು ಕೂತು ನೀವು ಎತ್ತಿ, ನೋಡಿ ನೋಡಿ ಮಿದುಳು ಕಲಿಯುತ್ತದೆ. ಇವರು ತಲೆ ಕೆರೆದುಕೊಂಡು ಅಡುಗೆಮನೆ ಕಡೆ ನೋಡಿದರು, ಡಿಕಾಕ್ಷನ್ ಇಳಿಯೋವಷ್ಟು ಹೊತ್ತು, ಅಷ್ಟೇ ಕಣೇ, ಕಾಫಿ ಅಂತೂ ಒಂದಿನವೂ ತಪ್ಪಲ್ಲ. ತಪ್ಪಲೂ ಇಲ್ಲ. ನನ್ನೆದುರು ತಮ್ಮ ಬಲಗೈ ಎತ್ತುವುದು, ಬೆರಳು ಬಿಚ್ಚುವುದು, ಭುಜ ಮುಟ್ಟುವುದು, ಇಳಿಸುವುದು, ಫಿಲ್ಟರಿನ ಸದ್ದು ನಿಲ್ಲುವವರೆಗೆ, ಜ್ವರ ಬಂದ ದಿನವೂ ಮಾಡಿದರು.

ಅಷ್ಟರಲ್ಲೇ ಬಿಟ್ಟಿದ್ದರೆ ಏನಾಗುತ್ತಿತ್ತು, ಏನೂ ಆಗುತ್ತಿರಲಿಲ್ಲ, ಆದರೆ ಮುಗಿದ ಮೇಲೆ ಏನಾದರೊಂದು ಸಣ್ಣ ಖುಷಿ ಇಟ್ಟುಕೊಳ್ಳಿ, ಆಗ ಅಭ್ಯಾಸ ನಿಲ್ಲುತ್ತದೆ ಅಂದುಬಿಟ್ಟಳು ವಂಜಿರು, ಚಾಕಲೇಟು, ಹಾಡು, ಅಂಥದ್ದೇನೋ ಅವಳ ಮನಸ್ಸಿನಲ್ಲಿದ್ದದ್ದು, ಇವರು ಉಪಾಕರ್ಮದ ದಿನ ಬಿಟ್ಟರೆ ಹೊರಗೆ ಬಾರದ ಪಂಚಪಾತ್ರೆ ಉದ್ಧರಣೆ ತೆಗೆದುಕೊಂಡು ಬಂದರು. ತಮ್ಮ ಅಂಗೈ ಮೇಲೆ ಉದ್ಧರಣೆ ನೀರು ಬಿಟ್ಟು, ಅಂಗೈ ಓರೆ ಮಾಡಿ, ನೀರು ನನ್ನ ಸತ್ತ ಕೈಮೇಲೆ ಹರಿದು ತಟ್ಟೆಗೆ ಬೀಳುವ ಹಾಗೆ, ಪುರೋಹಿತರ ಗಂಟಲು ಅಣಕಿಸುತ್ತಾ, ಈ ವ್ಯಾಯಾಮದ ಫಲವೆಲ್ಲಾ ಧರ್ಮಪತ್ನಿ ಇಂದುಗೆ, ನ ಮಮ — ಅಂದು ಕಣ್ಣು ಹೊಡೆದರು. ಮಗಳು ಅನಘಾ ಟೋಸ್ಟ್ ಕಚ್ಚುತ್ತಾ ಅಪ್ಪಾ ಯೂ ಆರ್ ಸೋ ವಿಯರ್ಡ್ ಅಂದಳು, ಅವಳಿಗೇನು ಗೊತ್ತು ನೈರೋಬಿಯಲ್ಲಿ ಹುಟ್ಟಿದವಳು, ನನ್ನದಲ್ಲ ಎಂದು ನೀರು ಬಿಟ್ಟರೆ ಮುಗಿಯಿತು, ಗೋದಾನವೋ ಭೂದಾನವೋ, ಕೊಟ್ಟದ್ದು ಹೋದಂತೆ, ಹಿಂದಕ್ಕೆ ಕೇಳುವ ಹಾಗಿಲ್ಲ, ಇಷ್ಟು ಗೊತ್ತಿದ್ದ ಮನುಷ್ಯ ಅದರಲ್ಲಿ ತಮಾಷೆ ಮಾಡುತ್ತಾರಾ, ದಿನಾ ಬೆಳಿಗ್ಗೆ, ಒಂದು ದಿನವೂ ಬಿಡದೆ.

ನೀರು ತಣ್ಣಗಿದೆ ಅನ್ನಿಸಿತು ಒಂದು ಬೆಳಿಗ್ಗೆ, ಸತ್ತ ಕೈಗೆ ತಣ್ಣಗೆ, ಕಿರುಬೆರಳಲ್ಲಿ ಇರುವೆ ಹರಿದ ಹಾಗೆ, ದೇವರೇ ಅಂದುಕೊಂಡೆ, ಅದೇ ಹೊತ್ತಿಗೆ ಇವರ ಕೈಯಿಂದ ಉದ್ಧರಣೆ ಠಣ್ ಅಂತ ಬಿತ್ತು. ಬಿದ್ದರೆ ಬಿತ್ತು, ಯಾರ ಕೈಯಿಂದ ಬೀಳುವುದಿಲ್ಲ. ಆಮೇಲೆ ಅಂಗಿಯ ಗುಂಡಿ ಅನಘಾ ಹಾಕತೊಡಗಿದಳು, ಅನ್ನಕ್ಕೆ ಚಮಚ ಬಂತು, ಆಫೀಸ್ ಅಭ್ಯಾಸ ಕಣೇ ಅಂದರು, ಸಾರನ್ನಕ್ಕೆ ಚಮಚ ಕಂಡರೆ ಮುಖ ಸಿಂಡರಿಸುತ್ತಿದ್ದವರು, ಮೊಬೈಲು ಎಡಗೈಗೆ ಹೋಯಿತು, ಅಪ್ಪಾ ಪ್ಲೀಸ್ ಸೀ ಎ ಡಾಕ್ಟರ್, ನೋಡಿಸಿಕೊಂಡು ಬಂದರು, ಸ್ಕ್ಯಾನಲ್ಲಿ ಏನೂ ಇಲ್ವಂತೆ, ಟೆನ್ಷನ್ ಅಂತೆ. ನನಗೆ ಗೊತ್ತಾಗಿತ್ತು. ಶಾಲಿನೊಳಗೆ ಪರೀಕ್ಷೆ ಮಾಡಿ ನೋಡಿದೆ ನಾನು, ಕಿರುಬೆರಳು ಮಡಿಸಿದೆ, ಓದುತ್ತಿದ್ದ ಪೇಪರು ಇವರ ಬಲಗೈಯಿಂದ ಜಾರಿತು, ಬೆರಳು ಬಿಟ್ಟೆ, ಎತ್ತಿಕೊಂಡರು, ಮತ್ತೆ ಮಡಿಸಿದೆ, ಮತ್ತೆ ಜಾರಿತು, ಥೂ ಇದರ ಅಂತ ಕೈ ಕೊಡವಿಕೊಂಡರು, ಶಾಲು ಬಾಯಿಗೆ ತುರುಕಿಕೊಂಡು ಅತ್ತೆ. ಅವತ್ತಿನಿಂದ ನನ್ನದೂ ಒಂದು ವ್ಯಾಯಾಮ, ಇವರು ಎತ್ತುತ್ತಾರೆ, ನಾನು ಎತ್ತದೆ ಇರುತ್ತೇನೆ, ಬೆರಳುಗಳು ಈಗ ಎಳೆಗರುಗಳು, ಬಿಟ್ಟರೆ ಓಡುತ್ತವೆ, ತೊಡೆಗೆ ಒತ್ತಿ ಹಿಡಿಯುತ್ತೇನೆ, ಬೆವರು ಕಿತ್ತು ಬರುತ್ತದೆ, ಇರಲಿ, ಇವರ ಕೈ ಇವರಿಗಿರಲಿ, ನನಗೆ ಅನ್ನ ಕಲಸಿ ತಿನ್ನಿಸುವ ಕೈ ಅದು, ನನ್ನ ತಲೆ ಬಾಚುವ ಕೈ, ಹೇಳೋಣವೆಂದರೆ ಬಬ್ಬಬ್ಬ, ಎಡಗೈಯಲ್ಲಿ ಬರೆಯೋಣವೆಂದರೆ ಅಕ್ಷರಗಳೂ ಮಾತಿನ ಜೊತೆಗೇ ಹೋಗಿವೆ.

ಇವತ್ತೂ ಎತ್ತಿದರು, ಬರೀ ಎದೆಯವರೆಗೆ ಬಂತು, ನಡುಗಿತು, ಇವತ್ಯಾಕೋ ಸೋಮಾರಿ ಆಗಿದೆ ನೋಡು ಅಂದರು, ನಾನು ತೊಡೆ ಒತ್ತಿದೆ, ಇನ್ನೂ ಒತ್ತಿದೆ, ಭುಜ ಮುಟ್ಟಿಯೇಬಿಟ್ಟರು, ಗೆದ್ದೆ ಅಂದುಕೊಂಡೆ. ನೀರು ಬಿಟ್ಟರು, ನ ಮಮ, ಫಿಲ್ಟರು ನಿಂತಿತು, ಎದ್ದುಹೋಗಿ ಕಾಫಿ ಬೆರೆಸಿದರು, ಲೋಟ ಹಿಡಿದು ಬರುತ್ತಿದ್ದಾರೆ, ಜಮಖಾನದ ಅಂಚು ಮಡಚಿಕೊಂಡಿದೆ, ರೀ, ನೋಡಿಕೊಂಡು, ರೀ — ಕಾಲು ಸಿಕ್ಕಿತು, ಲೋಟ ಹಾರಿತು, ಗಾಜಿನ ಟೀಪಾಯಿಯ ಮೂಲೆಗೆ ಹಣೆ ಗುರಿಯಿಟ್ಟ ಹಾಗೆ ಬೀಳುತ್ತಿದ್ದಾರೆ, ಯಾರು ಯೋಚಿಸುತ್ತಾರೆ ಆಗ, ಯಾವ ಹೆಂಡತಿ ಯೋಚಿಸುತ್ತಾಳೆ, ಹಿಡಿದೆ. ರಟ್ಟೆ ಹಿಡಿದೆ. ಗಟ್ಟಿಯಾಗಿ, ಬಲಗೈಯಲ್ಲಿ, ಐದೂ ಬೆರಳಲ್ಲಿ.

ನೆಲಕ್ಕೆ ಕೂತರು, ಹಣೆಗೆ ಏನೂ ಆಗಿಲ್ಲ, ನನ್ನ ಕೈ ನೋಡಿದರು, ನನ್ನ ಮುಖ ನೋಡಿದರು, ಇಂದೂ! ಹಿಡಿದ್ಯಲ್ಲೇ! ಅನಘಾ ಬಾರೇ, ಅಮ್ಮ ಕೈ ಎತ್ತಿದ್ಲು ಕಣೇ! ಕಣ್ಣಲ್ಲಿ ನೀರು, ಬಾಯ್ತುಂಬ ನಗು, ಚಪ್ಪಾಳೆ ತಟ್ಟಬೇಕು ಇವರಿಗೆ, ಎಡಗೈ ಮೇಲೆದ್ದಿತು, ಅಂಗೈ ಬಿಚ್ಚಿ ನಿಂತಿತು, ನಾನು ಹಿಡಿದದ್ದನ್ನು ಬಿಟ್ಟೆ, ಬಿಟ್ಟೆ ರೀ, ತೊಡೆಗೆ ಒತ್ತುತ್ತಿದ್ದೇನೆ, ಇವರ ಬಲಗೈ ಜಮಖಾನದ ಮೇಲೆ ಚೆಲ್ಲಿದ ಕಾಫಿಯಲ್ಲಿ ಹಾಗೇ ಬಿದ್ದಿದೆ, ಸುಡುವ ಕಾಫಿ, ಇವರಿಗೆ ಗೊತ್ತೇ ಆಗುತ್ತಿಲ್ಲ, ಇನ್ನೂ ನಗುತ್ತಿದ್ದಾರೆ, ಎಡಗೈ ಮೇಲೆ, ಅಂಗೈ ಬಿಚ್ಚಿಕೊಂಡು, ಒಂದೇ ಕೈ, ಚಪ್ಪಾಳೆಗೆ ಕಾಯುತ್ತಾ, ಒಂದೇ ಕೈ