ಬತ್ತಿ ಪರೀಕ್ಷೆ

ಬತ್ತಿ ಹತ್ತಿಕೊಂಡಿತು.

ಹತ್ತಬಾರದಿತ್ತು. ಇಕ್ಕಳದಲ್ಲಿ ಹಿಡಿದಿದ್ದ ನೂಲಿನ ಬತ್ತಿ ಧಗ್ಗನೆ ಉರಿಯುತ್ತಿದ್ದರೆ, ಆಕೆ ಲೈಟರ್ ಕೆಳಗಿಡುವುದನ್ನೂ ಮರೆತು ನೋಡುತ್ತ ನಿಂತಳು. ಬತ್ತಿ ಅದ್ದಿದ್ದು, ಬ್ಯಾಟರಿಗಳಿಗೆ ದ್ರವ ತುಂಬುವ ಕೋಣೆಯ ಡ್ರಮ್ಮಿನಿಂದ ಈಗಷ್ಟೇ ತಾನೇ ತಂದಿದ್ದ ದ್ರವದಲ್ಲಿ. ಬಾಟಲಿಯ ಮುಚ್ಚಳ ತೆಗೆದಾಗಲೇ ತೆಳುವಾದ ಸಿಹಿ ವಾಸನೆ ಬಂದಿತ್ತು. ಅದು ಮೊದಲು ಬ್ಯಾಟರಿಗೆ ತುಂಬುತ್ತಿದ್ದ ಹಳೆಯ ದ್ರಾವಕದ ವಾಸನೆ. ಪೆಟ್ರೋಲಿನಂತೆ ಹತ್ತಿಕೊಳ್ಳುವ ಆ ದ್ರಾವಕವನ್ನೂ, ಅದರಲ್ಲಿ ಕರಗಿಸುತ್ತಿದ್ದ, ತೇವ ತಾಗಿದರೆ ಆಮ್ಲ ಕಕ್ಕುವ ಹಳೆಯ ಉಪ್ಪನ್ನೂ ಓಡಿಸುವುದಕ್ಕೇ ಈ ಪ್ರಯೋಗಾಲಯದಲ್ಲಿ ಅವಳು ವರ್ಷಗಟ್ಟಲೆ ಬೆನ್ನು ಬಗ್ಗಿಸಿದ್ದಳು. ಓಡಿಸಿಯೂ ಇದ್ದಳು. ಅವಳ ಹೊಸ ದ್ರವದಲ್ಲಿ ಅದ್ದಿದ ಬತ್ತಿಗೆ ಬೆಂಕಿ ಹಿಡಿದರೆ ಚಿಟಿಚಿಟಿ ಎಂದು ಆರಿಹೋಗುತ್ತಿತ್ತು.

ಮೈಯೆಲ್ಲ ಉರಿದುಹೋಯಿತು ಅವಳಿಗೆ. ಬಾಟಲಿಯನ್ನು ಕೈಯಲ್ಲೇ ಹಿಡಿದು ಮೇಷ್ಟ್ರ ಕೋಣೆಗೆ ನುಗ್ಗಿದಳು.

ಮೇಷ್ಟ್ರು ಎಂದರೆ ಪ್ರಯೋಗಾಲಯದ ಮುಖ್ಯಸ್ಥರು. ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರು, ಕೆಲಸ ಕೊಡಿಸಿದವರು. "ಕಾಗದ ಸುಳ್ಳು ಹೇಳುತ್ತೆ, ಬತ್ತಿ ಹೇಳಲ್ಲ" ಎಂದು ಕಲಿಸಿದವರೂ ಅವರೇ. ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದರು. ಬ್ಯಾಟರಿ ಕೊಳ್ಳುವವರು ಬಂದು ಪಕ್ಕದ ಕೋಣೆಯಲ್ಲಿ ಕೂತಿದ್ದರು.

"ಸರ್, ಡ್ರಮ್ಮಿಗೆ ಹಳೇದನ್ನ ಯಾರು ಬೆರೆಸಿದ್ದು?"

"ಕೂತ್ಕೋಮ್ಮ."

"ಯಾರು ಸರ್?"

"ನಾನೇ." ಕನ್ನಡಿಯಿಂದ ಅವರು ಕಣ್ಣು ತೆಗೆಯಲಿಲ್ಲ. "ಚಳಿಯಲ್ಲಿ ನಿನ್ನ ದ್ರವ ಹರಳೆಣ್ಣೆ ಥರ ಮಂದ ಆಗುತ್ತೆ. ಬ್ಯಾಟರಿ ಗಾಡಿ ಏರು ಹತ್ತಲ್ಲ ಅಂತ ದೂರು ಬಂತು. ಮೂರರಲ್ಲಿ ಒಂದು ಪಾಲು ಹಳೇದು ಹಾಕಿದೆ, ತೆಳ್ಳಗಾಯ್ತು. ಹೋದ ತಿಂಗಳಿಂದ ಎಲ್ಲಾ ಹೀಗೇ ಹೋಗ್ತಿದೆ. ಏನು ಮುಳುಗಿ ಹೋಯ್ತು?"

"ಉಪ್ಪು ಬದಲಾಯಿಸಿದ್ರೆ ಸರಿಹೋಗುತ್ತೆ, ಸ್ವಲ್ಪ ಟೈಮ್ ಕೊಡಿ ಅಂತ ಕೇಳಿದ್ನಲ್ಲ ಸರ್."

"ಟೈಮನ್ನ ನಾನು ಎಲ್ಲಿಂದ ತರಲಿ? ಮೊದಲಿನದಕ್ಕಿಂತ ಇದು ಮೇಲು ತಾನೇ?"

"ಪೆಟ್ಟಿಗೆ ಮೇಲೆ 'ಬೆಂಕಿ ಹಿಡಿಯುವುದಿಲ್ಲ' ಅಂತ ಬರೆದಿದೀರಲ್ಲ!"

"ಸುಲಭಕ್ಕೆ ಹಿಡಿಯಲ್ಲ ಅಂತ ಅರ್ಥ. ಬಾ, ಬತ್ತಿ ತೋರಿಸೋ ಹೊತ್ತಾಯ್ತು. ಬೆರಕೆ ಇಲ್ಲದ ನಿನ್ನ ಬಾಟಲಿ ತಗೊಂಡು ಬಾ, ಅದನ್ನಲ್ಲ."

ಹೇಳೋದು ಶಾಸ್ತ್ರ, ಇಕ್ಕೋದು ಗಾಳ. ಅವಳಿಗೆ ಆ ಮನುಷ್ಯನ ಟೈ ಹಿಡಿದು ಜಗ್ಗಬೇಕೆನಿಸಿತು. ಜಗ್ಗಲಿಲ್ಲ. ಇಷ್ಟು ವರ್ಷದ ಮರ್ಯಾದೆ ಕೈ ಕಟ್ಟಿಹಾಕಿತ್ತು. ಆದರೆ ಬಾಟಲಿಯನ್ನೂ ಬದಲಾಯಿಸಲಿಲ್ಲ.

ಕೊಳ್ಳುವವರು ಮೂವರು. ಅವರಲ್ಲಿ ಹಿರಿಯನಾದ ಬೋಳುತಲೆಯವನು ಮೇಷ್ಟ್ರ ಮಾತನ್ನೆಲ್ಲ ಕೇಳಿ, ಕಾಫಿ ಲೋಟ ಪಕ್ಕಕ್ಕಿಟ್ಟ.

"ಎಲ್ಲಾ ಸರಿ. ನಿಮ್ಮ ಮನೆಯಲ್ಲಿ ಈ ಬ್ಯಾಟರಿ ಇಟ್ಕೋತೀರಾ? ಅದು ಹೇಳಿ ಮೊದ್ಲು."

ಮೇಷ್ಟ್ರು ಅದಕ್ಕೇ ಕಾದಿದ್ದವರಂತೆ ಅವಳ ಹೆಗಲ ಮೇಲೆ ಕೈಯಿಟ್ಟರು. "ನಮ್ಮ ಮನೆ ಯಾಕೆ? ಈ ದ್ರವ ಮಾಡಿದವಳೇ ಇವಳು. ಇವಳ ಮೈದುನ ಪಾರ್ಸೆಲ್ ಹಂಚೋ ಹುಡುಗ. ಹಳೇ ಬ್ಯಾಟರಿಗೆ ಬೆಂಕಿ ಹತ್ತಿ ಎರಡೂ ಅಂಗೈ ಸುಟ್ಕೊಂಡ. ಹೋದ ವಾರ ಅವನಿಗೆ ನಾನೇ ಹೊಸದೊಂದು ಪುಕ್ಕಟೆ ಕೊಟ್ಟಿದೀನಿ. ಈಗ ಅದು ಅವರ ಮನೇಲೇ ಇದೆ."

ಹೋದ ವಾರ. ಹೋದ ತಿಂಗಳಿಂದ ಎಲ್ಲಾ ಹೀಗೇ ಹೋಗ್ತಿದೆ.

ಹಾಗಾದರೆ ಅದರಲ್ಲೂ ಇದೇ ದ್ರವ. ಉರಿಯುವ ಪೆಟ್ಟಿಗೆಯನ್ನು ಮನೆಯಿಂದ ಹೊರಗೆಳೆಯಲು ಹೋಗಿ ಕೈ ಸುಟ್ಟುಕೊಂಡ ಹುಡುಗ. ಬೆರಳುಗಳು ಬಾಗಿದಂತೆಯೇ ವಾಸಿಯಾಗಿದ್ದವು. ದಿನಾ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವವಳು ಅವಳೇ. "ಮದುವೆಗೆ ಹುಡುಗಿ ಹೇಗಿದ್ರೂ ಆಗುತ್ತೆ ಅತ್ತಿಗೆ, ಗುಂಡಿ ಹಾಕೋಕೆ ಬಂದ್ರೆ ಸಾಕು" ಎಂದು ನಗುತ್ತಿದ್ದ. ಹೊಸ ಬ್ಯಾಟರಿ ಬಂದ ದಿನ ಮುಟ್ಟಲು ಹೆದರಿ ದೂರ ನಿಂತಿದ್ದವನಿಗೆ "ನಾನು ಮಾಡಿದ್ದು ಕಣೋ, ಹತ್ತಲ್ಲ" ಎಂದು ಅವಳೇ ಧೈರ್ಯ ತುಂಬಿದ್ದಳು.

ಮೇಷ್ಟ್ರು ಬತ್ತಿಗಾಗಿ ಕೈ ಚಾಚಿದರು. ಅವಳು ಹೊಸ ಬತ್ತಿಯೊಂದನ್ನು ಇಕ್ಕಳದಲ್ಲಿ ಹಿಡಿದು ಬಾಟಲಿಯಲ್ಲಿ ಅದ್ದಿ, ಎಲ್ಲರಿಗೂ ಕೇಳುವಂತೆ ಹೇಳಿದಳು. "ತಗೊಳ್ಳಿ ಸರ್. ಇವತ್ತಿನ ಡ್ರಮ್ಮಿಂದೇ."

ಮೇಷ್ಟ್ರು ಚಾಚಿದ ಕೈ ಹಿಂದಕ್ಕೆಳೆದರು. ಜೇಬು ತಡಕಿದರು. "ಲೈಟರ್... ನನ್ನ ಕೋಣೇಲೇ ಬಿಟ್ಟು ಬಂದೆ ಅನ್ಸುತ್ತೆ."

"ನನ್ನ ಹತ್ರ ಇದೆ, ತಗೊಳ್ಳಿ" ಎಂದು ಬೋಳುತಲೆಯವನು ತನ್ನದನ್ನು ಮೇಜಿನ ಮೇಲೆ ಜಾರಿಸಿದ.

ಮೇಷ್ಟ್ರು ಅದನ್ನು ನೋಡಿದರೇ ಹೊರತು ಮುಟ್ಟಲಿಲ್ಲ. ಅವಳು ಎತ್ತಿಕೊಂಡು ಗೀರಿದಳು. ಬತ್ತಿ ಭಗ್ಗೆಂದಿತು. ಮೂವರೂ ಕುರ್ಚಿ ಹಿಂದಕ್ಕೆ ಸರಿಸಿದರು.

"ಕೆಲಸ ಬೇಡವೇನೇ ನಿಂಗೆ?" ಎಂದರು ಮೇಷ್ಟ್ರು.

"ನಿಮ್ಮ ಕೆಲಸಕ್ಕಿಷ್ಟು ಬೆಂಕಿ ಹಾಕ!" ಉರಿಯುವ ಬತ್ತಿಯನ್ನು ಅವರ ಮುಂದಿದ್ದ ಪಿಂಗಾಣಿ ತಟ್ಟೆಗೆ ಹಾಕಿ ಹೊರಬಿದ್ದಳು.

ದಾರಿಯುದ್ದಕ್ಕೂ ಮೈದುನನಿಗೆ ಫೋನ್ ಮಾಡಿದಳು. ಎತ್ತಲಿಲ್ಲ. ಆಟೋದವನಿಗೆ ಬೇಗ ಹೋಗಪ್ಪ ಎಂದು ಮತ್ತೆ ಮತ್ತೆ ಹೇಳಿದಳು. ಮೇಷ್ಟ್ರನ್ನು ಬೈದಳು, ಬಣ್ಣದ ಪೆಟ್ಟಿಗೆಯನ್ನು ಬೈದಳು, ನಡುವೆ ತನ್ನನ್ನೂ ಬೈದುಕೊಂಡಳು.

ಮನೆ ಬಾಗಿಲು ಬರಿದೇ ಮುಚ್ಚಿತ್ತು. ಬ್ಯಾಟರಿ ಇರಬೇಕಾದ ಹಜಾರದ ಮೂಲೆ ಖಾಲಿ. ಅಲ್ಲಿಂದ ವೈರು ನೆಲದ ಮೇಲೆ ಹರಿದು ಮೈದುನನ ಕೋಣೆಯೊಳಕ್ಕೆ ಹೋಗಿತ್ತು.

ಅವನು ಮಧ್ಯಾಹ್ನದ ನಿದ್ದೆಯಲ್ಲಿದ್ದ. ಬ್ಯಾಟರಿಯ ಪೆಟ್ಟಿಗೆ ದಿಂಬಿನ ಪಕ್ಕದಲ್ಲೇ ಇತ್ತು, ಅದರ ಹಸಿರು ದೀಪ ಹತ್ತಿ ಆರುತ್ತಿತ್ತು. ಸುಟ್ಟ ಕೈಯೊಂದು ಅದರ ಮೇಲೆ ನಿಶ್ಚಿಂತೆಯಾಗಿ ಮಲಗಿತ್ತು. ಅವಳು ಪ್ಲಗ್ ಕಿತ್ತಳು.

ಸದ್ದಿಗೆ ಅವನು ಅರೆಗಣ್ಣು ತೆರೆದು ನಕ್ಕ. "ನೋಡಿದ್ರಾ ಅತ್ತಿಗೆ, ಈಗ ನಂಗೇನೂ ಭಯ ಇಲ್ಲ. ನೀವು ಹೇಳಿದ ಮೇಲೆ ಮುಗೀತು."

ಅವಳು ಮಂಚದ ಪಕ್ಕ ಮಂಡಿಯೂರಿ, ಪೆಟ್ಟಿಗೆಯ ಹಿಡಿಕೆಯನ್ನು ಸುತ್ತಿದ್ದ ಅವನ ಬಾಗಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.