ಯಾರದೂ ಅಲ್ಲದ ತೊಲೆ

ಹುಣಸೂರಿನ ಹಳೇ ಮರದಂಗಡಿಯಲ್ಲಿ ಹೊನ್ನೆ ತೊಲೆಗೆ ಇಪ್ಪತ್ತೆರಡು ಸಾವಿರ. ತರುವ ಟ್ರ್ಯಾಕ್ಟರಿಗೆ ಎರಡು, ಬಡಗಿಗೆ ಆರು, ಎತ್ತಿ ಕೂರಿಸುವ ಆಳುಗಳ ಕೂಲಿ ಬೇರೆ. ಶಾಲೆ ಮುಚ್ಚಿದರೆ ಪಕ್ಕದೂರಿಗೆ ಆಟೋ, ಮಗುವೊಂದಕ್ಕೆ ತಿಂಗಳಿಗೆ ಎಂಟುನೂರು, ಅದೂ ವರ್ಷ ವರ್ಷ. ಇಡ್ಲಿ ಹೋಟೆಲಿನ ಚೆಲುವಮ್ಮ ಈ ಲೆಕ್ಕವನ್ನು ಒಲೆ ಮುಂದೆಯೇ ಮುಗಿಸಿದಳು. ಶಾಲಾ ಸಮಿತಿಗೆ ಅವಳೇ ಅಧ್ಯಕ್ಷೆ. ಮಗಳು ಸವಿತಾ ಅಲ್ಲೇ ಮೂರನೇ ಕ್ಲಾಸು.

ಶಾಲೆ ಅಂದರೆ ಗಾಡಿ ಬಡಗಿಗಳ ಹಳೇ ಕಟ್ಟೆಮನೆ. ಕಸುಬಿನವರು ಸೇರಿ ಕೂಲಿ ಗೊತ್ತುಮಾಡಿ, ಜಗಳ ತೀರಿಸಿ, ಕೆಲಸ ಕಲಿತವರ ಕೈಗೆ ಉಳಿ ಕೊಡುತ್ತಿದ್ದ ಜಾಗ. ಎತ್ತಿನ ಗಾಡಿಗೆ ಗಿರಾಕಿ ಕಮ್ಮಿಯಾದಾಗ ಹಿರಿಯರೇ ಶಾಲೆಗೆ ಬಿಟ್ಟರು. ಹನ್ನೆರಡು ಕಂಬದ ಪಡಸಾಲೆ. ಎಲ್ಲೂ ಒಂದು ಮೊಳೆಯಿಲ್ಲ, ಮರಕ್ಕೆ ಮರದ ಗೂಟವೇ ಬಿಗಿ. ಕಟ್ಟುವಾಗ ಮನೆಗೊಂದು ಕಂಬ ಕೊಟ್ಟಿದ್ದರಂತೆ. ಈಗಲೂ ಆಯುಧಪೂಜೆಗೆ ಅವರವರ ಮನೆಯವರು ಬಂದು ತಮ್ಮ ಕಂಬ ತೊಳೆದು ಹೊಂಗೆ ಎಣ್ಣೆ ತಿಕ್ಕುತ್ತಾರೆ. ಇನ್ನೊಬ್ಬರ ಕಂಬ ಮುಟ್ಟುವಂತಿಲ್ಲ. ಮೊದಲ ಮಂಗಳಾರತಿ ಯಾವತ್ತೂ ಮೊದಲನೇ ಕಂಬಕ್ಕೆ. ಚೆಲುವಮ್ಮನ ಗಂಡನ ಮನೆಗೂ ಬಾಗಿಲ ಹತ್ತಿರ ಒಂದು ಕಂಬವಿತ್ತು.

ತಿಕ್ಕಿ ತಿಕ್ಕಿ ಕಂಬಗಳೆಲ್ಲ ಮಿಂದ ಎಮ್ಮೆಯಂತೆ ಮಿರುಗುತ್ತಿದ್ದವು. ಮೇಲಿನ ನಡುತೊಲೆಯನ್ನು ಮಾತ್ರ ಯಾರೂ ತಲೆಯೆತ್ತಿ ನೋಡಿರಲಿಲ್ಲ. ಅದು ಎಲ್ಲರೂ ಸೇರಿ ಹಾಕಿದ್ದು, ಹಾಗಾಗಿ ಯಾರದೂ ಅಲ್ಲ. ಒಡೆದ ಹೆಂಚಿನಿಂದ ನೀರಿಳಿದು, ಲಡ್ಡು ಹಿಡಿದು ಮೆತ್ತಗಾಗಿತ್ತು. ಯುಗಾದಿಯೊಳಗೆ ಬದಲಾಯಿಸದಿದ್ದರೆ ಶಾಲೆಗೆ ಬೀಗ ಅಂತ, ಕಟ್ಟಡ ನೋಡಲು ಬಂದ ಇಂಜಿನಿಯರು ಹೇಳಿ ಹೋದರು.

ಚೆಲುವಮ್ಮ ಮೊದಲು ಮೊದಲನೇ ಕಂಬದ ಯಜಮಾನ ಅಂಕಯ್ಯನ ಮನೆಗೆ ಹೋದಳು.

“ನಮ್ ಕಂಬ ನೋಡವ್ವ, ಮೀಸೆ ತಿದ್ಕೋಬೋದು ಅಂಗದೆ. ತೊಲೆ ನಮ್ದಲ್ಲ ಕಣವ್ವ,” ಅಂದ ಅಂಕಯ್ಯ.

“ತೊಲೆ ಬಿದ್ದ ಮೇಲೆ ಕಂಬ ತಬ್ಕೊಂಡು ಮೀಸೆ ತಿದ್ಕೋತೀರಾ ದೊಡ್ಡಪ್ಪ?”

“ನಾಲಗೆ ಉದ್ದ ಆಯ್ತು ನಿಂದು. ಬೇರೆಯೋರ್ನ ಕೇಳೋಗು.”

ಬೇರೆಯವರೂ ಅದನ್ನೇ ಅಂದರು.

ಮಾರನೆಯ ದಿನ ಕಾಡಂಚಿನ ಗಿರಿಜನರ ಹಾಡಿಯ ಚಿಕ್ಕಮಾದಿ ಹೋಟೆಲಿಗೆ ಟೀಗೆ ಬಂದಳು. ಶಾಲೆಯಲ್ಲಿ ಅರ್ಧಕ್ಕರ್ಧ ಮಕ್ಕಳು ಆ ಹಾಡಿಯವರೇ. ಅವರಿಗೆ ಅಲ್ಲಿ ಕಂಬವಿಲ್ಲ. ಪೂಜೆ ದಿನ ಜಗಲಿಯಾಚೆ ನಿಂತು ಪುರಿ ಈಸಿಕೊಂಡು ಹೋಗುತ್ತಿದ್ದರು. ಚೆಲುವಮ್ಮ ಲೋಟ ಕೈಗೆ ಕೊಟ್ಟು ಕೇಳಿದಳು: “ತೊಲೆ ನೀವು ಆಕ್ತೀರೇನೇ? ಆಕಿದ್ರೆ ಅದು ನಿಮ್ದೇ.”

“ನಮ್ದು ಅಂದ್ರೆ, ಒಳೀಕ್ ಬಂದು ಎಣ್ಣೆ ಅಚ್ಚಕ್ಕೆ ಬುಡ್ತಾರಾ ಅಕ್ಕ?”

“ಏಣಿ ನಾನೇ ಇಡ್ಕೋತೀನಿ ಕಣೆ.”

ಹೊಗೆಸೊಪ್ಪು ಕಟ್ಟಿದ ಕೂಲಿ ಕೈಗೆ ಬಂದಿದ್ದ ಕಾಲ. ಹಾಡಿಯವರು ಮರದ ದುಡ್ಡು ಹೊಂದಿಸಿ, ಎತ್ತುವ ಕೆಲಸ ನಮ್ಮದೇ ಅಂದರು. ಟ್ರ್ಯಾಕ್ಟರಿಗೂ ಬಡಗಿಗೂ ಚೆಲುವಮ್ಮ ಕೊಟ್ಟಳು.

ತೊಲೆ ಊರೊಳಗೆ ಬಂದ ದಿನ ಅಂಕಯ್ಯ ಹೋಟೆಲಿಗೆ ನುಗ್ಗಿದ. “ನಮ್ ಕಂಬದ್ ಮೇಲೆ ಅವರ ತೊಲೆಯಾ? ಎಷ್ಟಾಯ್ತು ಅಂತ ಏಳು, ಕೊಟ್ಬುಡ್ತೀನಿ.”

“ನಿಮ್ದಲ್ಲ ಅಂದ್ರಲ್ಲ ದೊಡ್ಡಪ್ಪ. ತೊಲೆ ಓಯ್ತು. ಇನ್ನು ಯಾರದೂ ಅಲ್ಲದ್ದು ಅಂದ್ರೆ ಹೆಂಚು ಅದೆ.”

ಕೂತಿದ್ದ ಗಿರಾಕಿಗಳು ನಕ್ಕರು. ಅಂಕಯ್ಯ ನಗಲಿಲ್ಲ. ಆದರೆ ಹಾಡಿಯವರು ಹೆಂಚನ್ನೂ ತಮ್ಮದು ಮಾಡಿಕೊಂಡಾರೆಂದು, ಸಂಜೆಯೊಳಗೆ ಹನ್ನೊಂದು ಮನೆ ಸುತ್ತಿ ಹೆಂಚಿನ ದುಡ್ಡು ಕೂಡಿಸಿ ತಂದ.

ಯುಗಾದಿಗೆ ಮುಂಚೆ ತೊಲೆ ಕೂತಿತು. ಆಯುಧಪೂಜೆಗೆ ಚಿಕ್ಕಮಾದಿ ಏಣಿ ಹತ್ತಿದಳು. ಕೆಳಗೆ ಅಂಕಯ್ಯ ಹೆಗಲ ಮೇಲೆ ಬಿದ್ದ ಎಣ್ಣೆ ಒರೆಸಿಕೊಳ್ಳುತ್ತ, “ನೋಡ್ಕೊಂಡು ಅಚ್ಚವ್ವ,” ಅಂದ.

ಶಾಲೆ ಉಳಿಯಿತು, ಮಕ್ಕಳಿಗೆ ಆಟೋ ತಪ್ಪಿತು. ಪೂಜೆಯ ಮೊದಲ ಮಂಗಳಾರತಿ ಅಂಕಯ್ಯನ ಕಂಬಕ್ಕೆ ತಪ್ಪಿ ತೊಲೆಗೆ ಹೋಯಿತು. ಅವನು ಕಳೆದುಕೊಂಡದ್ದು ಅಷ್ಟೇ.