ಕಸ್ತೂರೆವ್ವನ ಅಳು, ಜೈತುನಬಿಯ ನಿದ್ದೆ

ಯಂಕಂಚಿಯ ಜೈತುನಬಿ ಹಳೆ ಬಟ್ಟೆ ಜೋಡಿಸಿ ಕೌದಿ ಹೊಲಿಯುವವಳು. ಹೊಲಿಗೆಗೆ ಕೂತವಳು ನಡುವೆ ಎದ್ದು ಹೋಗಲಾರಳೆಂದೋ ಏನೋ, ಓಣಿಯ ಹೆಂಗಸರು ಕಷ್ಟ ಹೇಳಿಕೊಳ್ಳಲು ಅವಳ ಕಟ್ಟೆಗೇ ಬರುತ್ತಿದ್ದರು. ವಿಜಾಪುರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಎದುರುಮನೆಯ ಕಸ್ತೂರೆವ್ವನಿಗೆ ಒಂದು ಸುದ್ದಿ ಮುಟ್ಟಿತು. ಸೊಲ್ಲಾಪುರದ ಗಿರಣಿ ಕೆಲಸಕ್ಕೆ ಹೋಗಿದ್ದ ಗಂಡ ಪರಪ್ಪ ಅಲ್ಲೇ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ್ದ. ಅಂದಿನಿಂದ ಅವಳು ಬೆಳಗಾದರೆ ಬಂದು ಕೂತು, ಹೊತ್ತು ಇಳಿಯುವವರೆಗೂ ಅದನ್ನೇ ಹೇಳಿ ಅಳುವಳು. ಜೈತುನಬಿ ಸೂಜಿ ಬದಿಗಿಟ್ಟು ಅವಳ ಬೆನ್ನು ಸವರುವಳು.

ಬರುಬರುತ್ತ ಜೈತುನಬಿಗೆ ರಾತ್ರಿ ನಿದ್ದೆ ಹತ್ತದಾಯಿತು. ಗಂಡ ಶಮಶುದ್ದೀನ ಒಳ್ಳೆಯ ಅಂಗಿ ತೊಟ್ಟರೆ ಯಾರಿಗಾಗಿ ಎಂಬ ಅನುಮಾನ. ಒಮ್ಮೆ ಸಿಂದಗಿ ಸಂತೆಗೆ ಹೋದವನು ಬಸ್ಸು ಕೆಟ್ಟು, ದೀಪ ಹಚ್ಚಿದ ಮೇಲೆ ಮನೆಗೆ ಬಂದ. ಬಾಗಿಲಲ್ಲೇ ನಿಂತಿದ್ದವಳು ಅವನ ತೋಳು ಹಿಡಿದು ಅತ್ತೇಬಿಟ್ಟಳು. ಬದನೆಕಾಯಿಯ ಚೀಲ ಕೆಳಗಿಡುವುದನ್ನೂ ಮರೆತು ಅವನು ಕೇಳಿದ:

“ಓಡಿ ಹೋದಾಂವ ಪರಪ್ಪ. ನಾ ಏನ ಮಾಡೇನಿ?”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕಸ್ತೂರೆವ್ವನ ಸಂಕಟವನ್ನು ತಾನು ಎಷ್ಟು ಒಳಗೆ ಬಿಟ್ಟುಕೊಂಡಿದ್ದೇನೆಂಬುದು ಆಗ ತಿಳಿಯಿತು.

ಮರುದಿನ ಕಸ್ತೂರೆವ್ವ ಬಂದಾಗ ಹೇಗೆ ಹೇಳುವುದೆಂದು ತೋಚದೆ, ಹಾಕಿದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹಾಕಿದಳು. ಕಡೆಗೆ ಬಾಯಿಬಿಟ್ಟಳು:

“ತಂಗೀ, ನಿನ್ನ ಕೈ ನಾ ಬಿಡೂದಿಲ್ಲ. ಆದ್ರ ದಿನಾ ಇದನ್ನ ಕೇಳೂ ಶಕ್ತಿ ನನಗ ಇಲ್ಲ. ಶುಕ್ರವಾರ ನಾ ಸೂಜಿ ಮುಟ್ಟೂದಿಲ್ಲ. ಆವತ್ತ ಬಾ, ಬೇಕಾದಷ್ಟು ಅಳು. ಉಳಿದ ದಿನ ಬ್ಯಾರೆ ಏನರ ಮಾತಾಡೂಣು.”

ಕಸ್ತೂರೆವ್ವ ಮುನಿಸಿಕೊಂಡು ಎದ್ದು ಹೋಗುವಳೆಂದೇ ಜೈತುನಬಿ ಅಂದುಕೊಂಡಳು. ಆದರೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಮೆಲ್ಲಗೆ ಅಂದಳು:

“ನನಗೂ ಹೇಳಿ ಹೇಳಿ ಸಾಕಾಗೈತಿ ಅಕ್ಕಾ. ಇಷ್ಟ ಪ್ರೀತಿಲೆ ಕೇಳಾಕತ್ತೀದಿ, ಬರೂದು ಬಿಟ್ರ ನಿನಗ ಬ್ಯಾಸರ ಆದೀತಂತ ಬರಾಕತ್ತೇನಿ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಹೊಲದ ಕಳೆ ತೆಗೆಯಲು ಬಾ ಎಂದು ನೆರೆಮನೆಯ ಲಕ್ಕವ್ವ ಎಂದಿನಿಂದಲೋ ಕರೆಯುತ್ತಿದ್ದಳು. ಕಸ್ತೂರೆವ್ವ ಅವಳ ಜೊತೆ ಹೋಗತೊಡಗಿದಳು. ಶುಕ್ರವಾರ ಬಂದು ಅತ್ತದ್ದು ಸ್ವಲ್ಪ. ಲಕ್ಕವ್ವನ ಹಟಮಾರಿ ಎಮ್ಮೆಯ ಕಥೆ ಹೇಳಿದ್ದೇ ಹೆಚ್ಚು. ಅವಳನ್ನು ಕಳಿಸಿ ಜೈತುನಬಿ ಚಾಪೆಯ ಮೇಲೆ ಅಡ್ಡಾದಳು. ನಮಾಜು ಮುಗಿಸಿ ಬಂದ ಶಮಶುದ್ದೀನ ಅವಳ ಗೊರಕೆ ಕೇಳಿ, ಎಬ್ಬಿಸಲು ಮನಸ್ಸಾಗದೆ, ತಾನೇ ಬಡಿಸಿಕೊಂಡು ಉಂಡ.